ಚಿತ್ರದ ಭಾರ ಓದುಗನ ಹೆಗಲಿಗೇಕೆ?

ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ ಯೋಜನೆಯನ್ನು ವಿರೋಧಿಸಿ 2025ರ ಮೇ ತಿಂಗಳ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಭಾರಿ ಪ್ರತಿಭಟನೆ ನಡೆಯಿತು. ಗೊರೂರು ಜಲಾಶಯದ ನೀರು ಕೊಳವೆಯ ಮೂಲಕ ನೇರವಾಗಿ ಕುಣಿಗಲ್ ಕಡೆಗೆ ಹರಿದರೆ ತಮ್ಮ ಪಾಲು ಕಡಿಮೆಯಾದೀತೆಂಬ ಆತಂಕ ಗುಬ್ಬಿ ಮತ್ತು ತುಮಕೂರು ಭಾಗದವರದು. ನಾಲೆಯ ತುದಿಯಲ್ಲಿರುವ ತಮಗೆ ಹಂಚಿಕೆಯಾದ ನೀರು ಸರಿಯಾಗಿ ತಲುಪುತ್ತಿಲ್ಲವೆಂಬ ಅಳಲು ಕುಣಿಗಲ್‌ನವರದು. ಯಾರ ವಾದ ಸರಿ ಎಂಬುದು ಬೇರೆಯೇ ಚರ್ಚೆ. ಆದರೆ ಇಂಥ ವಿವಾದದಲ್ಲಿ ಎರಡೂ ಕಡೆಯ ಓದುಗರಿಗೆ ಭಾಷಣದ ವರದಿಗಿಂತ ಮೊದಲು ಬೇಕಾಗುವುದು ಒಂದು ನಕ್ಷೆ. ಕೊಳವೆ ಯಾವ ಊರಿನ ಪಕ್ಕ ಹಾದುಹೋಗುತ್ತದೆ, ಯಾವ ಕೆರೆ ಅದರ ಎಡಕ್ಕಿದೆ, ಯಾವುದು ಬಲಕ್ಕಿದೆ ಎಂಬುದನ್ನು ಅವರು ನೋಡಬಯಸುತ್ತಾರೆ. ನೋಡುವುದು ಅಂಗೈಯಗಲದ ಮೊಬೈಲ್ ಪರದೆಯ ಮೇಲೆ.

ಸಮಸ್ಯೆ ಆರಂಭವಾಗುವುದು ಇಲ್ಲಿಯೇ. ನಕ್ಷೆಯನ್ನು ಬಂದ ಗಾತ್ರದಲ್ಲಿಯೇ ಜಾಲತಾಣಕ್ಕೆ ಏರಿಸಿದರೆ ಅದು ಫೋನಿನಲ್ಲಿ ತೆರೆದುಕೊಳ್ಳುವ ಹೊತ್ತಿಗೆ ಓದುಗ ಬೇರೆ ಕಡೆಗೆ ಹೋಗಿರುತ್ತಾನೆ. ಕುಗ್ಗಿಸಿ ಹಾಕಿದರೆ ಊರಿನ ಹೆಸರುಗಳೇ ಓದಲು ಬಾರವು. ಒಂದೇ ಚಿತ್ರವನ್ನು ಹಲವು ಅಳತೆಗಳಲ್ಲಿ ಸಿದ್ಧಪಡಿಸಿಟ್ಟು, ಪರದೆಗೆ ತಕ್ಕುದನ್ನು ಬ್ರೌಸರೇ ಆರಿಸಿಕೊಳ್ಳುವಂತೆ ಮಾಡುವ ‘ರೆಸ್ಪಾನ್ಸಿವ್ ಇಮೇಜ್’ ವಿಧಾನ ಹುಟ್ಟಿದ್ದು ಈ ಇಕ್ಕಟ್ಟಿನಿಂದ. ಇದು ತಂತ್ರಜ್ಞರ ಕೋಣೆಯೊಳಗಿನ ವಿಷಯವೆಂದು ಸಂಪಾದಕರು ಭಾವಿಸುವುದುಂಟು. ವಾಸ್ತವದಲ್ಲಿ ಇದು ವೆಚ್ಚವನ್ನು ಯಾರು ಭರಿಸಬೇಕೆಂಬ ಪ್ರಶ್ನೆ.

ಲೆಕ್ಕ ಸರಳವಾಗಿದೆ. ಇಂದಿನ ಸಾಧಾರಣ ಫೋನ್ ತೆಗೆಯುವ ಛಾಯಾಚಿತ್ರದ ಅಳತೆ 4000 x 3000, ಅಂದರೆ 1.2 ಕೋಟಿ ಚಿತ್ರಬಿಂದುಗಳು. ಅದನ್ನು ನೋಡುವ ಅಗ್ಗದ ಫೋನಿನ ಪರದೆಯ ಅಗಲ 720 ಬಿಂದುಗಳಿದ್ದರೆ ಆ ಚಿತ್ರಕ್ಕೆ ಬೇಕಾಗುವುದು 720 x 540, ಅಂದರೆ 3,88,800 ಬಿಂದುಗಳು ಮಾತ್ರ. ಕಳುಹಿಸಿದ್ದರಲ್ಲಿ 31ನೇ ಒಂದು ಪಾಲು! ಉಳಿದ 30 ಪಾಲನ್ನು ಫೋನ್ ಇಳಿಸಿಕೊಂಡು, ಬಿಡಿಸಿ, ಎಸೆಯುತ್ತದೆ. ಬಿಡಿಸುವಾಗ ಪ್ರತಿ ಬಿಂದುವಿಗೆ 4 ಬೈಟ್‌ನಂತೆ 4.8 ಕೋಟಿ ಬೈಟ್ ಸ್ಮರಣೆ ವ್ಯಯವಾಗುತ್ತದೆ. ಸಿದ್ಧಗಂಗಾ ಜಾತ್ರೆಯ ದನಗಳ ಪರಿಷೆಯ ಇಂಥ 40 ಚಿತ್ರಗಳನ್ನು ಒಂದೇ ಪುಟದಲ್ಲಿ ಪೇರಿಸಿದರೆ ಹಳೆಯ ಫೋನ್ ಸ್ತಬ್ಧವಾಗುವುದರಲ್ಲಿ ಆಶ್ಚರ್ಯವಿಲ್ಲ.

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ಡೇಟಾ ಅಗ್ಗವಾಯಿತಲ್ಲ, ಇನ್ನೇಕೆ ಈ ಜಿಪುಣತನ ಎಂಬ ವಾದವಿದೆ. ಅದು ಅರ್ಧ ಸತ್ಯ. ದಿನದ ಮಿತಿ ಮುಗಿದ ನಂತರ ಹಲವು ಯೋಜನೆಗಳಲ್ಲಿ ವೇಗ ಸೆಕೆಂಡಿಗೆ 64 ಕಿಲೊಬಿಟ್‌ಗೆ ಇಳಿಯುತ್ತದೆ. ಆ ವೇಗದಲ್ಲಿ 4 ಎಂಬಿಯ ಚಿತ್ರವೊಂದು ಇಳಿಯಲು 8 ನಿಮಿಷಕ್ಕೂ ಹೆಚ್ಚು ಕಾಲ ಬೇಕು. ಅದೇ ಚಿತ್ರ 100 ಕೆಬಿಗೆ ಕುಗ್ಗಿದ್ದರೆ 12-13 ಸೆಕೆಂಡು ಸಾಕು. ಸಂಜೆ ಮನೆಗೆ ಬಂದು ಸುದ್ದಿ ನೋಡುವವನ ಮಿತಿ ಬಹುಮಟ್ಟಿಗೆ ಅಷ್ಟರಲ್ಲಿ ಮುಗಿದಿರುತ್ತದೆ ಎಂಬುದನ್ನು ಪ್ರಕಾಶಕರು ಮರೆಯಬಾರದು.

ಪರಿಹಾರ ಒಂದೇ ದಿನದಲ್ಲಿ ಬಂದದ್ದಲ್ಲ. ಪರದೆಗೆ ಹೊಂದಿಕೊಳ್ಳುವ ಜಾಲವಿನ್ಯಾಸದ ಕಲ್ಪನೆಯನ್ನು ಈಥನ್ ಮಾರ್ಕಾಟ್ 2010ರಲ್ಲಿ ಮುಂದಿಟ್ಟರು. ಆ ವಿನ್ಯಾಸದಲ್ಲಿ ಪುಟವೇನೋ ಕುಗ್ಗಿತು, ಚಿತ್ರದ ಕಡತ ಮಾತ್ರ ಕುಗ್ಗಲಿಲ್ಲ. ಅದಕ್ಕಾಗಿ ಜಾಲ ವಿನ್ಯಾಸಕಾರರೇ ಗುಂಪು ಕಟ್ಟಿಕೊಂಡು ಹೋರಾಡಬೇಕಾಯಿತು. ಬ್ರೌಸರ್‌ನಲ್ಲಿ ಈ ಸೌಲಭ್ಯವನ್ನು ಅಳವಡಿಸುವ ಕೆಲಸಕ್ಕೆ ಸಾರ್ವಜನಿಕರಿಂದ ಚಂದಾ ಎತ್ತಿದ್ದೂ ಉಂಟು. ‘ಪಿಕ್ಚರ್’ ಎಂಬ ಹೊಸ ಅಂಶ 2014ರ ಅಕ್ಟೋಬರ್‌ನಲ್ಲಿ ಕ್ರೋಮ್‌ಗೆ, 2015ರಲ್ಲಿ ಫೈರ್‌ಫಾಕ್ಸ್‌ಗೆ, 2016ರಲ್ಲಿ ಸಫಾರಿಗೆ ಬಂದಿತು. ವರ್ಡ್‌ಪ್ರೆಸ್ 2015ರ ಡಿಸೆಂಬರ್‌ನ ತನ್ನ 4.4ನೇ ಆವೃತ್ತಿಯಲ್ಲಿಯೇ ಇದರ ಒಂದು ಭಾಗವನ್ನು ಒಳಗೊಂಡಿತು.

ಹಲವು ಅಳತೆಗಳ ಚಿತ್ರಗಳನ್ನು ತಯಾರಿಸುವವರಾರು? ಎರಡು ದಾರಿಗಳಿವೆ. ವಿಕಿಪೀಡಿಯದಂಥ ಬೃಹತ್ ತಾಣದಲ್ಲಿ ಬೇರೆ ಬೇರೆ ಅಗಲದ ಪ್ರತಿಗಳನ್ನು ಸರ್ವರ್ ತಾನೇ ಸಿದ್ಧಪಡಿಸುತ್ತದೆ. ಅದಕ್ಕೆ ಸದಾ ಎಚ್ಚರವಿರುವ ಯಂತ್ರಗಳೂ ಅವನ್ನು ನೋಡಿಕೊಳ್ಳುವ ಜನರೂ ಬೇಕು. ಮುದ್ರಣ ನಿಲ್ಲಿಸಿ ಜಾಲಕ್ಕೆ ಬಂದ ಪತ್ರಿಕೆಗಾಗಲಿ, ತಾಲ್ಲೂಕು ಕೇಂದ್ರದ ಶಾಲೆ ಅಥವಾ ಸಹಕಾರ ಸಂಘಕ್ಕಾಗಲಿ ಅಷ್ಟು ಅನುಕೂಲವಿರುವುದಿಲ್ಲ. ಅಂಥವರಿಗೆ ಹೊಂದುವುದು ‘ಸ್ಟ್ಯಾಟಿಕ್’ ತಾಣ. ಪುಟಗಳನ್ನೆಲ್ಲ ಕಚೇರಿಯ ಗಣಕಯಂತ್ರದಲ್ಲಿಯೇ ಮೊದಲು ಕಟ್ಟಿ, ಸಿದ್ಧ ಕಡತಗಳನ್ನಷ್ಟೇ ಸರ್ವರ್‌ಗೆ ಏರಿಸುವ ಪದ್ಧತಿ ಅದು. 2008ರಲ್ಲಿ ಬಂದ ಜೆಕಿಲ್, 2013ರಲ್ಲಿ ಬಂದ ಹ್ಯೂಗೊ, ಅನಂತರದ ಇಲೆವೆಂಟಿ ಮುಂತಾದ ಮುಕ್ತ ತಂತ್ರಾಂಶಗಳು ಈ ಕೆಲಸ ಮಾಡುತ್ತವೆ. ಹ್ಯೂಗೊ 2017ರ ಕೊನೆಯಲ್ಲಿ ಚಿತ್ರ ಸಂಸ್ಕರಣೆಯನ್ನು ತನ್ನೊಳಗೇ ಸೇರಿಸಿಕೊಂಡಿತು. ಉಳಿದವುಗಳಿಗೆ ಪೂರಕ ತಂತ್ರಾಂಶಗಳಿವೆ. ಒಮ್ಮೆ ಕಟ್ಟುವಾಗ ಪ್ರಕಾಶಕನ ಯಂತ್ರ ಪಡುವ ಶ್ರಮ ಸಾವಿರಾರು ಓದುಗರ ಫೋನುಗಳು ಪಡಬೇಕಾಗಿದ್ದ ಶ್ರಮವನ್ನು ಉಳಿಸುತ್ತದೆ.

ಹಾಗೆಂದು ಇದು ಗುಂಡಿ ಒತ್ತಿದರೆ ಮುಗಿಯುವ ಕೆಲಸವಲ್ಲ. 500 ಚಿತ್ರಗಳಿರುವ ತಾಣ ಪ್ರತಿಯೊಂದಕ್ಕೂ 4 ಅಗಲ, 3 ಮಾದರಿ ಎಂದು ತೀರ್ಮಾನಿಸಿದರೆ 6,000 ಕಡತಗಳು ಹುಟ್ಟುತ್ತವೆ. ಅಲ್ಪವಿರಾಮ ತಿದ್ದಿದಾಗಲೆಲ್ಲ ಅಷ್ಟನ್ನೂ ಮತ್ತೆ ತಯಾರಿಸಹೊರಟರೆ ಸುದ್ದಿ ಹಳಸುತ್ತದೆ. ಆದ್ದರಿಂದ ಒಮ್ಮೆ ತಯಾರಾದುದನ್ನು ಸಂಗ್ರಹದಲ್ಲಿಟ್ಟು, ಬದಲಾದ ಚಿತ್ರಗಳನ್ನು ಮಾತ್ರ ಸಂಸ್ಕರಿಸುವ ವ್ಯವಸ್ಥೆ ಅನಿವಾರ್ಯ. ಗೂಗಲ್ 2010ರಲ್ಲಿ ಪ್ರಕಟಿಸಿದ ವೆಬ್‌ಪಿ ಮಾದರಿಯನ್ನು ಸಫಾರಿಯೂ 2020ರಲ್ಲಿ ಒಪ್ಪಿಕೊಂಡಿದೆ. ಸಣ್ಣ ತಾಣಕ್ಕೆ ವೆಬ್‌ಪಿ ಮತ್ತು ಹಳೆಯ ಜೆಪೆಗ್, ಮೂರು ಅಗಲ, ಇಷ್ಟು ಧಾರಾಳವಾಗಿ ಸಾಕು. ಮೂಲವೇ ಸಣ್ಣದಿದ್ದರೆ ಅದನ್ನು ಹಿಗ್ಗಿಸುವ ಸಾಹಸ ಬೇಡ.

ಹೆಚ್ಚಿನವರು ಎಡವುವುದು ‘ಸೈಜಸ್’ ಎಂಬ ಸಣ್ಣ ಸೂಚನೆಯಲ್ಲಿ. ಪುಟದ ವಿನ್ಯಾಸ ಪೂರ್ತಿ ತಿಳಿಯುವ ಮೊದಲೇ ಬ್ರೌಸರ್ ಚಿತ್ರಗಳನ್ನು ತರಲು ಧಾವಿಸುತ್ತದೆ. ಚಿತ್ರ ಪುಟದಲ್ಲಿ ಎಷ್ಟು ಅಗಲ ಜಾಗ ಹಿಡಿಯುತ್ತದೆಂದು ಮೊದಲೇ ಹೇಳದಿದ್ದರೆ ಪರದೆಯ ಪೂರ್ಣ ಅಗಲವೆಂದೇ ಅದು ಭಾವಿಸುತ್ತದೆ. ಮೂಲೆಯಲ್ಲಿ ಕೂರುವ ಚಿಕ್ಕ ಚಿತ್ರಕ್ಕೂ ದೊಡ್ಡ ಕಡತವೇ ಬರುತ್ತದೆ. ಹತ್ತು ಅಳತೆ ತಯಾರಿಸಿಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ. ಪುಟದ ಕೆಳಭಾಗದ ಚಿತ್ರಗಳನ್ನು ಓದುಗ ಅಲ್ಲಿಗೆ ಬಂದಾಗ ಮಾತ್ರ ತರುವ ಸೌಲಭ್ಯ 2019ರಿಂದ ಕ್ರೋಮ್‌ನಲ್ಲಿದೆ. ಅದನ್ನು ಮುಖ್ಯ ಸುದ್ದಿಯ ಚಿತ್ರಕ್ಕೂ ಹಚ್ಚಿ, ಪುಟ ನಿಧಾನವಾಯಿತೆಂದು ಗೊಣಗುವವರೂ ಇದ್ದಾರೆ.

ಚಿತ್ರದೊಳಗೆ ಕನ್ನಡ ಅಕ್ಷರಗಳಿದ್ದಾಗ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಯೂನಿಕೋಡ್ ಬಳಕೆಗೆ ಬಂದು ಎಷ್ಟೋ ವರ್ಷಗಳಾದರೂ ಪ್ರಕಟಣೆ, ಆಹ್ವಾನಪತ್ರ, ಆದೇಶಗಳನ್ನು ಚಿತ್ರವಾಗಿ ಹಾಕುವ ರೂಢಿ ಹೋಗಿಲ್ಲ. ಇಂಗ್ಲಿಷ್ ಅಕ್ಷರ ಸಾಲಿನ ಮೇಲೆ ನಿಂತಿರುತ್ತದೆ. ಕನ್ನಡದಲ್ಲಿ ಸಾಲಿನ ಕೆಳಗೆ ಒತ್ತಕ್ಷರ, ಪಕ್ಕದಲ್ಲಿ ದೀರ್ಘ, ಮೇಲೆ ಗುಡಿಸು. ಚಿತ್ರ ಕುಗ್ಗಿದಾಗ ಮೊದಲು ಅಳಿಯುವುದು ಈ ಸಣ್ಣ ಅವಯವಗಳು. ಜೆಪೆಗ್ ಮಾದರಿ ಚಿತ್ರವನ್ನು 8 x 8 ಬಿಂದುಗಳ ಚೌಕಗಳಾಗಿ ಕತ್ತರಿಸಿ ಸೂಕ್ಷ್ಮ ವಿವರಗಳನ್ನು ಕೈಬಿಡುತ್ತದೆ. ಜಾತ್ರೆಯ ಧೂಳಿನ ಚಿತ್ರದಲ್ಲಿ ಅದು ಕಾಣದು, ಅಕ್ಷರದ ಅಂಚಿನಲ್ಲಿ ಕಾಣುತ್ತದೆ. ಸಾಮಾನ್ಯ ಬಳಕೆಯ ವೆಬ್‌ಪಿ ಬಣ್ಣದ ವಿವರವನ್ನು ಅಗಲ ಎತ್ತರಗಳೆರಡರಲ್ಲೂ ಅರ್ಧಕ್ಕಿಳಿಸುವುದರಿಂದ ಕೆಂಪು ಅಕ್ಷರಗಳ ಅಂಚು ಮತ್ತಷ್ಟು ಕದಡುತ್ತದೆ. ನಕ್ಷೆಯಲ್ಲಿ ಊರಿನ ಹೆಸರನ್ನು ಕೆಂಪಿನಲ್ಲಿ ಬರೆಯುವವರು ಇದನ್ನು ಗಮನಿಸುವುದು ಒಳ್ಳೆಯದು. ಅಂಧ ಓದುಗರ ಪರದೆವಾಚಕ ತಂತ್ರಾಂಶಕ್ಕಂತೂ ಅಂಥ ಚಿತ್ರ ಕೇವಲ ಮೌನ.

ಕುಗ್ಗಿಸುವುದೇ ಉತ್ತರವಲ್ಲದ ಚಿತ್ರಗಳೂ ಇವೆ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯ ಕಲಾವಿದರು ಸಾಲಾಗಿ ನಿಂತಿರುವ ಹಳೆಯ ಛಾಯಾಚಿತ್ರವನ್ನು ಊಹಿಸಿಕೊಳ್ಳಬಹುದು. ಗಣಕಯಂತ್ರದ ಪರದೆಯಲ್ಲಿ ಒಂದೊಂದು ಮುಖವೂ ಕಾಣುತ್ತದೆ, ಫೋನಿನಲ್ಲಿ ಗುಬ್ಬಿ ವೀರಣ್ಣನವರು ಯಾರೆಂದು ಗುರುತಿಸುವುದೇ ಕಷ್ಟ. ಕುಣಿಗಲ್ ದೊಡ್ಡಕೆರೆಯ ಉದ್ದನೆಯ ನೋಟದಲ್ಲಿ ಏರಿಯ ಮೇಲಿನ ಮನುಷ್ಯ ಇರುವೆಯಾಗುತ್ತಾನೆ. ಅಂಥಲ್ಲಿ ಫೋನಿಗಾಗಿ ಬೇರೆಯೇ ಕತ್ತರಿಸಿದ ಚಿತ್ರ ಕೊಡಲು ‘ಪಿಕ್ಚರ್’ ಅಂಶ ಅವಕಾಶ ನೀಡುತ್ತದೆ. ಎಲ್ಲಿ ಕತ್ತರಿಸಬೇಕೆಂಬುದನ್ನು ಯಂತ್ರಕ್ಕೆ ಬಿಟ್ಟರೆ ತಲೆಯೇ ಹೋದೀತು. ಅದು ಹಳೆಯ ಪತ್ರಿಕಾ ಕಚೇರಿಯ ಪುಟವಿನ್ಯಾಸಕಾರ ಪೆನ್ಸಿಲ್ ಹಿಡಿದು ಮಾಡುತ್ತಿದ್ದ ಕೆಲಸ.

ಇನ್ನೊಂದು ಅಪಾಯದ ಬಗ್ಗೆ ಚರ್ಚೆ ನಡೆಯುವುದೇ ವಿರಳ. ಫೋನಿನ ಛಾಯಾಚಿತ್ರದೊಳಗೆ ತೆಗೆದ ಸಮಯ ಮತ್ತು ಹಲವು ವೇಳೆ ಸ್ಥಳದ ಅಕ್ಷಾಂಶ, ರೇಖಾಂಶ ಅಡಗಿರುತ್ತವೆ. ನಿಷೇಧಾಜ್ಞೆ ಇರುವ ಪ್ರದೇಶದಿಂದ ರೈತನೊಬ್ಬ ಕಳುಹಿಸಿದ ಚಿತ್ರ ಹಾಗೆಯೇ ಪ್ರಕಟವಾದರೆ ಅವನ ತೋಟದ ವಿಳಾಸವೂ ಪ್ರಕಟವಾದಂತೆಯೇ. ಅಳತೆ ಬದಲಿಸುವಾಗ ಹೆಚ್ಚಿನ ತಂತ್ರಾಂಶಗಳು ಈ ಮಾಹಿತಿಯನ್ನು ಕಳಚುತ್ತವೆ. ಆದರೆ ಕೆಲವು, ಸಣ್ಣ ಪ್ರತಿಗಳ ಜೊತೆಗೆ ಮೂಲ ಕಡತವನ್ನೂ ಸದ್ದಿಲ್ಲದೆ ಸರ್ವರ್‌ಗೆ ಏರಿಸುತ್ತವೆ. ಕಟ್ಟಿದ ಕಡತಕೋಶವನ್ನು ಒಮ್ಮೆ ತೆರೆದು ನೋಡದೆ ಇದು ತಿಳಿಯದು. ಚಿತ್ರದ ದಿಕ್ಕಿನ ಸೂಚನೆಯೂ ಅದೇ ಮಾಹಿತಿಯಲ್ಲಿರುವುದರಿಂದ, ಮೊದಲು ಚಿತ್ರವನ್ನು ನೇರ ಮಾಡಿ ಅನಂತರ ಮಾಹಿತಿ ಕಳಚಬೇಕು. ಇಲ್ಲವಾದರೆ ಪ್ರತಿಭಟನಾಕಾರರು ಅಡ್ಡಲಾಗಿ ಮಲಗಿಬಿಡುತ್ತಾರೆ.

ಕಾಲುವೆಯ ನಕ್ಷೆಗಾದರೋ ಇವೆಲ್ಲಕ್ಕಿಂತ ಉತ್ತಮ ದಾರಿಯಿದೆ. ಗೆರೆಗಳಿಂದಲೇ ರಚಿಸಿದ ಎಸ್‌ವಿಜಿ ಮಾದರಿಯ ನಕ್ಷೆಗೆ ಒಂದೇ ಕಡತ ಸಾಕು, ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದು, ಊರಿನ ಹೆಸರುಗಳು ನಿಜವಾದ ಅಕ್ಷರಗಳಾಗಿಯೇ ಉಳಿಯಬಲ್ಲವು. ಸಿಕ್ಕಿರುವುದು ಕಾಗದದ ನಕ್ಷೆಯ ಸ್ಕ್ಯಾನ್ ಪ್ರತಿ ಮಾತ್ರವಾಗಿದ್ದರೆ ಪುಟದಲ್ಲಿ ಹಗುರವಾದ ಪ್ರತಿ, ಮುಟ್ಟಿದರೆ ತೆರೆಯುವ ದೊಡ್ಡ ಪ್ರತಿ, ಆ ದೊಡ್ಡ ಪ್ರತಿ ಎಷ್ಟು ಎಂಬಿ ಎಂಬ ಮುನ್ಸೂಚನೆ, ಕೆಳಗೆ ಕೊಳವೆ ಹಾಯುವ ಊರುಗಳ ಹೆಸರನ್ನು ಗುಬ್ಬಿಯ ಕಡೆಯಿಂದ ಕುಣಿಗಲ್‌ವರೆಗೆ ಕ್ರಮವಾಗಿ ಬರೆದ ಪಟ್ಟಿ ಇರಬೇಕು. ಆ ಪಟ್ಟಿ ಕೆಲವೇ ಕೆಬಿಯಷ್ಟಿದ್ದು, 64 ಕಿಲೊಬಿಟ್ ವೇಗದಲ್ಲಿಯೂ ಒಂದೆರಡು ಸೆಕೆಂಡಿನಲ್ಲಿ ಬಂದು ತಲುಪುತ್ತದೆ.