ದಂಡ-ಬಸ್ಕಿಗಳು: ಶಿಕ್ಷೆಯೋ, ಶಿಕ್ಷಣವೋ?

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಅಪ್ಪಣೆ ಮಾಡಿದಾಗ, ನಾನು ಛಂದಸ್ಸನ್ನೋ ಹಳಗನ್ನಡವನ್ನೋ ಕುರಿತು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ವ್ಯಾಕರಣದ ಪಂಡಿತನಿಗೆ ವ್ಯಾಯಾಮದ ಗೊಡವೆಯೇಕೆಂದು ವಾಚಕರೂ ಕೇಳಬಹುದು. ಮೂರು ದಶಕಗಳ ಅಧ್ಯಾಪನದಲ್ಲಿ ನನ್ನಿಂದಾದ ತಪ್ಪೊಂದನ್ನು ಒಪ್ಪಿಕೊಳ್ಳುವ ಸಲುವಾಗಿಯೇ ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ಸಂಧಿ ಬಿಡಿಸಲು ತಪ್ಪಿದ, ಕಂದಪದ್ಯಕ್ಕೆ ಪ್ರಸ್ತಾರ ಹಾಕಲು ತಡವರಿಸಿದ ಎಷ್ಟೋ ಹುಡುಗರಿಂದ ನಾನು ಹಿಂದೆ ಬಸ್ಕಿ ತೆಗೆಸಿದ್ದೇನೆ. ನಮ್ಮ ಗುರುಗಳು ನಮ್ಮಿಂದ ತೆಗೆಸಿದ್ದರಾದ್ದರಿಂದ ಅದು ತಪ್ಪೆಂದು ಆಗ ತೋರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಅದು ಸರ್ವಥಾ ಯುಕ್ತವಾದುದು. ಆದರೆ ಶಿಕ್ಷೆಯೊಡನೆ ಬಸ್ಕಿಯೂ ಶಾಲೆಯಂಗಳದಿಂದ ಹೊರಬಿದ್ದಿತು. ಅದರ ಅವಮಾನದ ನೆನಪು ಮಾತ್ರ ಉಳಿಯಿತು.

ಶಬ್ದಗಳ ಚರಿತ್ರೆಯೂ ಇಲ್ಲಿ ನಮಗೆ ಪಾಠ ಹೇಳುತ್ತದೆ. ಸಂಸ್ಕೃತದಲ್ಲಿ ‘ಶಿಕ್ಷಾ’ ಎಂದರೆ ಕಲಿಕೆ, ಬೋಧನೆ. ಆರು ವೇದಾಂಗಗಳಲ್ಲಿ ಒಂದಾದ ಉಚ್ಚಾರಣಶಾಸ್ತ್ರಕ್ಕೂ ಅದೇ ಹೆಸರು. ಕನ್ನಡದಲ್ಲಿ ‘ಶಿಕ್ಷೆ’ ಎಂದೊಡನೆ ಬೆತ್ತವು ಕಣ್ಣೆದುರು ನಿಲ್ಲುತ್ತದೆ. ‘ದಂಡ’ವೆಂಬುದು ಗರಡಿಯ ಸಾಮಿಗೂ ಹೆಸರು, ಜುಲ್ಮಾನೆಗೂ ಹೆಸರು. ಇನ್ನು ‘ತಾಲೀಮು’ ಎಂಬ ಅರಬ್ಬೀ ಮೂಲದ ಶಬ್ದಕ್ಕಂತೂ ಬೋಧನೆಯೆಂದೇ ಮೂಲಾರ್ಥ. ಕಲಿಸುವುದಕ್ಕೂ ದಂಡಿಸುವುದಕ್ಕೂ ಇರುವ ಗೆರೆಯನ್ನು ಮಾತಿನಲ್ಲಿ ಅಳಿಸಿದ ನಾವು ಮಕ್ಕಳ ಮೈಯ ಮೇಲೂ ಅಳಿಸಿಬಿಟ್ಟೆವು.

ಈ ನಾಡಿನಲ್ಲಿ ಅಂಗಸಾಧನೆಗೆ ಇಂಥ ಹೀನಸ್ಥಿತಿ ಎಂದೂ ಇದ್ದುದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ವಿಷಯಕ್ಕೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟಿದ್ದಾನೆ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು ನಾವು ಬಲ್ಲ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ, ಪಶ್ಚಿಮದ ಭಾರ ಎತ್ತುವ ಕಸರತ್ತಿನ ಜೊತೆಗೆ ಸೂರ್ಯನಮಸ್ಕಾರವನ್ನೂ ಕಲಿಸಿದವರು. ಹಳೆಯದೂ ಹೊಸದೂ ಒಂದೇ ಛಾವಣಿಯಡಿ ಬಾಳಬಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಎರಡು ವರ್ಷಗಳ ಹಿಂದೆ ಪ್ರಸಾದದ ಪಂಕ್ತಿಯಲ್ಲಿ ಊಟ ಮುಗಿಸಿ ಏಳಹೋದವನಿಗೆ ನೆಲಕ್ಕೆ ಕೈಯೂರಿದರೂ ಏಳಲಾಗಲಿಲ್ಲ. ಪಕ್ಕದಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬನು ತೋಳು ಹಿಡಿದು ಎಬ್ಬಿಸಿದನು. “ಗುರುಗಳೇ, ಅಂದು ನೀವು ಪುಕ್ಕಟೆಯಾಗಿ ತೆಗೆಸಿದ ಬಸ್ಕಿಯನ್ನೇ ಈಗ ತಿಂಗಳಿಗಿಷ್ಟೆಂದು ಹಣ ಕೊಟ್ಟು ಜಿಮ್ಮಿನಲ್ಲಿ ತೆಗೆಯುತ್ತಿದ್ದೇನೆ. ಅಲ್ಲಿ ಅದಕ್ಕೆ ಸ್ಕ್ವಾಟ್ ಎನ್ನುತ್ತಾರೆ” ಎಂದು ನಕ್ಕನು. ನಾನೂ ನಕ್ಕೆ, ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಮುಂಜಾನೆ ಬಾಗಿಲ ಚೌಕಟ್ಟನ್ನು ಹಿಡಿದು ಐದು ಬಸ್ಕಿ ತೆಗೆದೆ. ಇಂದು ಏನನ್ನೂ ಹಿಡಿಯದೆ ಇಪ್ಪತ್ತೈದು ತೆಗೆಯುತ್ತೇನೆ. ಪಂಕ್ತಿಯಿಂದ ಸ್ವತಂತ್ರವಾಗಿ ಏಳುತ್ತೇನೆ.

ಇದರಲ್ಲಿ ಪವಾಡವೇನೂ ಇಲ್ಲ. ಅಂಗೈ ಮತ್ತು ಕಾಲ್ಬೆರಳುಗಳನ್ನು ಊರಿ, ಎದೆಯನ್ನು ನೆಲದ ಸಮೀಪಕ್ಕಿಳಿಸಿ ಮುಂದಕ್ಕೆತ್ತುವ ದಂಡದಲ್ಲಿ ಎದೆ, ಭುಜ, ತೋಳು, ಹೊಟ್ಟೆ, ಬೆನ್ನುಗಳು ಒಟ್ಟಾಗಿ ದುಡಿಯುತ್ತವೆ. ಬಸ್ಕಿಯಲ್ಲಿ ತೊಡೆ, ನಿತಂಬ, ಮೀನಖಂಡಗಳು ದುಡಿಯುತ್ತವೆ. ಕುಳಿತು ಏಳುವ, ಬಿದ್ದಾಗ ಸಾವರಿಸಿಕೊಳ್ಳುವ ನಿತ್ಯದ ಬದುಕಿಗೆ ಬೇಕಾದುದು ಈ ಹೊಂದಾಣಿಕೆಯೇ. ಹಾಗೆಂದು ಪುರಾತನವಾದುದೆಲ್ಲ ಪರಿಪೂರ್ಣವೆಂದು ನಾನು ವಾದಿಸುವವನಲ್ಲ. ದಂಡ-ಬಸ್ಕಿಗಳಲ್ಲಿ ತಳ್ಳುವ ಶ್ರಮವುಂಟು, ಎಳೆಯುವ ಶ್ರಮವಿಲ್ಲ. ಅದಕ್ಕೆ ಮಲ್ಲಕಂಬವೋ ಅಡ್ಡಕಂಬಿಯೋ ಬೇಕು. ಬಲ ಬೆಳೆದಂತೆ ದೇಹದ ಭಾರವೊಂದೇ ಸಾಲದು, ಕಬ್ಬಿಣವೂ ಬೇಕಾದೀತು. ಮಂಡಿ ನೋವಿನವರು ವೈದ್ಯರನ್ನು ಕೇಳಿ, ಕುರ್ಚಿಯ ಎತ್ತರಕ್ಕಷ್ಟೇ ಇಳಿಯುವುದು ಲೇಸು.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಸೂಚನೆಗಳಂತೆ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆಯೂ, ವಾರದಲ್ಲಿ ಕನಿಷ್ಠ 3 ದಿನ ಸ್ನಾಯುಗಳನ್ನು ಬಲಪಡಿಸುವ ಅಭ್ಯಾಸವೂ ಅವಶ್ಯ. ಪ್ರಾರ್ಥನೆಯ ಬಳಿಕ ಹತ್ತು ನಿಮಿಷಗಳ ದಂಡ-ಬಸ್ಕಿಗಳನ್ನು ಹುಡುಗ ಹುಡುಗಿಯರೆಲ್ಲರಿಗೂ ಕ್ರಮವರಿತು ಕಲಿಸಿದರೆ ಈ ಸಾಧನೆಗೆ ನಾಂದಿಯಾದೀತು.

ವ್ಯಾಯಾಮ ಯಂತ್ರಗಳನ್ನು ಕೊಡಿಸುವ ಔದಾರ್ಯವುಳ್ಳ ದಾನಿಗಳಿಗೆ ನನ್ನ ವಿನಯಪೂರ್ವಕ ಬಿನ್ನಹವಿಷ್ಟೆ: ಮೊದಲು ಸಮತಟ್ಟಾದ ಮಣ್ಣಿನ ಅಂಗಳವೊಂದನ್ನು, ಎರಡು ಅಡ್ಡಕಂಬಿಗಳನ್ನು, ಒಂದು ಮಲ್ಲಕಂಬವನ್ನು, ಇವನ್ನು ಬಲ್ಲ ಶಿಕ್ಷಕರೊಬ್ಬರನ್ನು ಒದಗಿಸಿಕೊಡಿರಿ. ಮೈ ಪಳಗಿದ ಮಕ್ಕಳ ಕೈಗೆ ಯಂತ್ರಗಳು ಆಮೇಲೆ ಬರಲಿ. ಸಹೋದ್ಯೋಗಿಗಳಲ್ಲಿ ನನ್ನ ಪ್ರಾರ್ಥನೆ ಬೇರೆ. ಮಕ್ಕಳೆದುರು ನಿಂತು ಎಣಿಸುವ ಕಾಲ ಮುಗಿಯಿತು. ಇನ್ನು ಅವರ ಸಾಲಿನಲ್ಲಿ ನಿಂತು ನಾವೂ ತೆಗೆಯೋಣ. ನನ್ನಿಂದ ಬಸ್ಕಿ ತೆಗೆಸಿಕೊಂಡ ಹಳೆಯ ವಿದ್ಯಾರ್ಥಿಗಳು ಎಂದಾದರೂ ಬೆಳಗ್ಗೆ ಶಾಲೆಯ ಕಡೆ ಬಂದರೆ, ಆ ಸಾಲಿನ ಕೊನೆಯಲ್ಲಿ ನನ್ನನ್ನು ಕಾಣುವರು. ಅಂದು ಎಣಿಸುವ ಸರದಿ ಅವರದಾಗಲಿ.