‘ಒರಿಜಿನಲ್’ ಎಂಬ ಗೀಳು ಮತ್ತು ಒಂದು ಹಳೆಯ ಟಿಲ್ಲರು

ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ ಮುಂದೆ ಹೋದರೆ ‘ಹಳ್ಳಿ ಊಟ’ದ ಹೋಟೆಲೊಂದಿದೆ. ಹೆಸರು ಬೇಡ, ಅಂಥವು ಈಗ ಬೇಕಾದಷ್ಟಿವೆ. ಅದರ ಬಾಗಿಲಲ್ಲೇ ಒಂದು ಸಿಮೆಂಟಿನ ಕಟ್ಟೆ, ಕಟ್ಟೆಯ ಮೇಲೆ ಒಂದು ಹಳೆಯ ಪವರ್ ಟಿಲ್ಲರು. ಮಿರಮಿರ ಮಿಂಚುವ ಬಣ್ಣ, ಹ್ಯಾಂಡಲಿಗೆ ಚೆಂಡುಹೂವಿನ ಹಾರ. ಹಳೆಯ ಯಂತ್ರಗಳ ಹುಚ್ಚು ಹಚ್ಚಿಕೊಂಡಿರುವ ನಮ್ಮ ಗುಂಪಿನ ಗೆಳೆಯರೊಬ್ಬರು ಅದನ್ನು ತೋರಿಸಲೆಂದೇ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ‘ಹೇಗೆ ರಿಸ್ಟೋರ್ ಮಾಡಿದ್ದಾರೆ ನೋಡು, ಫುಲ್ ಒರಿಜಿನಲ್!’ ಎಂದರು. ನಾನು ಬಗ್ಗಿ ನೋಡಿದೆ. ಇಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಬೆಲ್ಟುಗಳೇ ಇರಲಿಲ್ಲ. ಸ್ಟಾರ್ಟಿಂಗ್ ಹ್ಯಾಂಡಲ್ ತೂರಿಸುವ ತೂತಿಗೂ ಬಣ್ಣ ಮೆತ್ತಿಕೊಂಡಿತ್ತು. ಡೀಸೆಲ್ ಟ್ಯಾಂಕಿನ ಒಳಗೆ ಜೇಡ ಬಲೆ ಕಟ್ಟಿತ್ತು.

ಮೈಸೂರಿನಲ್ಲಿ ವ್ಯಾನ್ ಇಂಗೆನ್ ಎಂಬ ಕುಟುಂಬ ಮಹಾರಾಜರುಗಳು ಬೇಟೆಯಾಡಿದ ಹುಲಿ ಚಿರತೆಗಳ ಚರ್ಮಕ್ಕೆ ಒಳಗೆ ತುಂಬಿಸಿ ಜೀವಂತ ಹುಲಿಯ ಹಾಗೆ ನಿಲ್ಲಿಸಿಕೊಡುತ್ತಿತ್ತು. ಅದರಲ್ಲಿ ಅವರು ಜಗತ್ಪ್ರಸಿದ್ಧರು. ಆದರೂ ಆ ಹುಲಿಯನ್ನು ಯಾರೂ ‘ಕಾಡಿನ ಸಂರಕ್ಷಣೆ’ ಎಂದು ಕರೆಯಲಿಲ್ಲ. ನಾವು ಮಾತ್ರ ಕಟ್ಟೆಯ ಮೇಲಿನ ಟಿಲ್ಲರನ್ನು ಸಂರಕ್ಷಣೆ ಎನ್ನುತ್ತಿದ್ದೇವೆ.

ಇದನ್ನು ನಾನು ಹೊರಗೆ ನಿಂತು ಬರೆಯುತ್ತಿಲ್ಲ. ನಾಲ್ಕು ವರ್ಷಗಳಿಂದ ನನ್ನ ಶನಿವಾರ, ಭಾನುವಾರಗಳೆಲ್ಲ ಈ ಹುಚ್ಚಿಗೇ ಹೋಗಿವೆ. ವಾರವಿಡೀ ತಾಳೆಗರಿಯ ಪ್ರತಿಗಳು, ಪಾಠಾಂತರಗಳು, ಪಿಎಚ್‌ಡಿ ಅಧ್ಯಾಯಗಳು. ವಾರದ ಕೊನೆಗೆ ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ ಗ್ರೀಸು. ಹಾಗಾಗಿ ನನ್ನ ತಕರಾರು ನನ್ನವರ ಜೊತೆಗೇ, ಮೊದಲಿಗೆ ನನ್ನ ಜೊತೆಗೇ.

ಯಾವ ಯಂತ್ರ ಎಂದು ಮೊದಲು ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ‘ಗಾರ್ಡನ್ ಟ್ರ್ಯಾಕ್ಟರ್’ ಎಂದರೆ ಮನೆಯ ಸುತ್ತಲಿನ ಹುಲ್ಲು ಕತ್ತರಿಸುವ, ಹಿಮ ತಳ್ಳುವ ಪುಟ್ಟ ಗಾಡಿ. ಜಾನ್ ಡೀರ್ ಕಂಪನಿ 1963ರಲ್ಲಿ ತಂದ 110 ಎಂಬ ಮಾದರಿಯನ್ನು ಅಲ್ಲಿ ಇವತ್ತಿಗೂ ಸ್ಕ್ರೂ ಸ್ಕ್ರೂ ಬಿಚ್ಚಿ ಜೋಡಿಸುವ ಹವ್ಯಾಸಿಗಳಿದ್ದಾರೆ. ನಮ್ಮಲ್ಲಿ ಗಾರ್ಡನ್ ಎಂದರೆ ತೋಟ. ಅಡಿಕೆ, ತೆಂಗು, ಬಾಳೆ. ದೊಡ್ಡ ಟ್ರ್ಯಾಕ್ಟರು ನುಗ್ಗಲಾಗದ ಸಾಲುಗಳ ನಡುವೆ ನುಗ್ಗಿದ್ದು ಎರಡೇ ಚಕ್ರದ ಪವರ್ ಟಿಲ್ಲರು. ಅದೂ ಬೆಂಗಳೂರಿನ ಮಗುವೇ. 1967ರಲ್ಲಿ ಇಲ್ಲಿ ಶುರುವಾದ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ಇವನ್ನು ತಯಾರಿಸಿತು. ಮಣ್ಣನ್ನು ತಿರುಗುವ ಅಲಗುಗಳಿಂದ ಕತ್ತರಿಸಿ ಹುಡಿ ಮಾಡುವ ಉಪಾಯ ಅದಕ್ಕಿಂತ ಹಳೆಯದು. ಆಸ್ಟ್ರೇಲಿಯಾದ ಆರ್ಥರ್ ಕ್ಲಿಫರ್ಡ್ ಹೋವರ್ಡ್ 1912ರ ಹೊತ್ತಿಗೇ ಅದರ ಪ್ರಯೋಗ ಮಾಡಿದ್ದ. ಹದಿಮೂರು ಅಶ್ವಶಕ್ತಿಯ ಒಂಟಿ ಸಿಲಿಂಡರು, ಕೈಯಲ್ಲಿ ತಿರುಗಿಸಿ ಸ್ಟಾರ್ಟ್ ಮಾಡುವ ಹ್ಯಾಂಡಲು, ತಿರುವಲು ಎಡಗೈಗೊಂದು ಬಲಗೈಗೊಂದು ಕ್ಲಚ್ಚು. ಹಗಲು ಉಳುಮೆ, ಸಂಜೆ ಟ್ರೇಲರು ಕಟ್ಟಿ ಸಂತೆ, ಮದುವೆಗೆ ದಿಬ್ಬಣ. ಎಷ್ಟೋ ಊರುಗಳಲ್ಲಿ ಮೊದಲ ‘ಗಾಡಿ’ ಇದೇ.

ನಮ್ಮ ಮನೆಯದನ್ನು ಮಾಗಡಿ ಕಡೆಯ ನಮ್ಮೂರಿಗೆ ಅಜ್ಜ ತಂದದ್ದು 1980ರ ದಶಕದ ಕೊನೆಯಲ್ಲಿ, ಅದೂ ಸೆಕೆಂಡ್ ಹ್ಯಾಂಡು. ಅಜ್ಜ ಹೋದ ಮೇಲೆ ಹತ್ತು ವರ್ಷ ಕೊಟ್ಟಿಗೆಯಲ್ಲಿ ಮಲಗಿತ್ತು. ನಾನು ಅದನ್ನು ಟೆಂಪೋದಲ್ಲಿ ಹೇರಿಕೊಂಡು ಬೆಂಗಳೂರಿಗೆ ತಂದೆ. ಪಿಸ್ಟನ್ನು ಕಚ್ಚಿಕೊಂಡಿತ್ತು. ಸಿಲಿಂಡರಿನೊಳಗೆ ಸೀಮೆಎಣ್ಣೆ, ಆಯಿಲು ಬೆರೆಸಿ ಸುರಿದು, ದಿನವೂ ಒಂದಿಷ್ಟು ನೆನೆಯಲು ಬಿಟ್ಟು, ಹನ್ನೊಂದನೆಯ ದಿನ ಮರದ ತುಂಡಿಟ್ಟು ಮೆಲ್ಲಗೆ ಬಡಿದಾಗ ಕೂದಲೆಳೆಯಷ್ಟು ಸರಿಯಿತು. ಆ ಸಂತೋಷವನ್ನು ಯಾವ ಸೆಮಿನಾರಿನಲ್ಲೂ ಕಂಡಿಲ್ಲ. ಸ್ಲೀವ್ ಹಾಕಿಸಿದೆ, ರಿಂಗು ಬದಲಿಸಿದೆ, ನಾಝಲ್ ತೊಳೆಸಿದೆ. ಬೇರಿಂಗು, ಆಯಿಲ್ ಸೀಲುಗಳಿಗಾಗಿ ಎಸ್‌ಜೆಪಿ ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದೆ. ಆಮೇಲೆ ತಲೆಗೆ ‘ಒರಿಜಿನಲ್’ ಹೊಕ್ಕಿತು.

ಟಿಲ್ಲರಿನ ಎಡಗಡೆಯ ಕ್ಲಚ್ ಲಿವರಿಗೆ ಯಾರೋ ಒಂದು ಗೇಣುದ್ದದ ಸೈಕಲ್ ಪೈಪನ್ನು ಬೆಸೆದಿದ್ದರು. ಒರಟು ವೆಲ್ಡಿಂಗು, ಮೇಲೆ ಟ್ಯೂಬು ಸುತ್ತಿದ್ದು. ಕಾರ್ಖಾನೆಯ ಫೋಟೋದಲ್ಲಿ ಅದು ಇಲ್ಲ. ನಾನು ಅದನ್ನು ಕತ್ತರಿಸಿ, ಉಜ್ಜಿ, ಹೊಸ ಲಿವರು ಹಾಕಿ, ಪೈಪಿನ ತುಂಡನ್ನು ಉಳಿದ ಕಬ್ಬಿಣದ ಜೊತೆ ಗುಜರಿಗೆ ಹಾಕಿದೆ. ಬಣ್ಣ ಹೊಡೆಸಿದೆ. ಊರಿಗೆ ತೆಗೆದುಕೊಂಡು ಹೋದ ದಿನ ಅಪ್ಪ ಬಂದು ಹಿಂದೆ ನಿಂತು ಎರಡೂ ಹ್ಯಾಂಡಲು ಹಿಡಿದರು. ಎಡಗೈ ಅಭ್ಯಾಸದಂತೆ ಗಾಳಿಯಲ್ಲಿ ಏನನ್ನೋ ಹುಡುಕಿತು. ‘ಆ ಪೈಪು ಎಲ್ಲೋ?’ ಎಂದರು. ಕತೆ ಆಗ ಗೊತ್ತಾಯಿತು. ಅಜ್ಜ ತೆಂಗಿನ ಮರದಿಂದ ಬಿದ್ದು ಅವರ ಎಡಭುಜ ಮೇಲೇಳದಂತಾಗಿತ್ತು. ಟ್ರೇಲರಿನ ಸೀಟಿನಲ್ಲಿ ಕೂತರೆ ಎಡ ಕ್ಲಚ್ಚು ಎಟುಕುತ್ತಿರಲಿಲ್ಲ. ಎಡ ಕ್ಲಚ್ಚು ಸಿಗದೆ ಟಿಲ್ಲರು ಓಡಿಸುವುದು ಹುಡುಗಾಟವಲ್ಲ. ಇಳಿಜಾರಿನಲ್ಲಂತೂ ಇದರ ಕ್ಲಚ್ಚು ಉಲ್ಟಾ. ಎಡಗಡೆಯದನ್ನು ಹಿಡಿದರೆ ಆ ಚಕ್ರ ಇಂಜಿನ್ನಿನ ತಡೆ ತಪ್ಪಿ ಮುಂದೋಡುತ್ತದೆ, ಗಾಡಿ ಬಲಕ್ಕೆ ತಿರುಗುತ್ತದೆ. ಅದಕ್ಕಾಗಿ ಊರಿನ ವೆಲ್ಡಿಂಗಿನವನು ಅಜ್ಜನನ್ನು ಸೀಟಿನಲ್ಲಿ ಕೂರಿಸಿ, ಕೈಯಳತೆ ತೆಗೆದುಕೊಂಡು ಆ ಪೈಪು ಬೆಸೆದಿದ್ದ. ಅದರ ಮೇಲೆ ಅಜ್ಜ ಇಪ್ಪತ್ತು ವರ್ಷ ದುಡಿದರು. ನಾನು ಅದನ್ನು ಎಂಟು ನಿಮಿಷದಲ್ಲಿ ಗ್ರೈಂಡರಿನಿಂದ ತೆಗೆದಿದ್ದೆ.

ಇದು ನನ್ನೊಬ್ಬನ ದಡ್ಡತನವಾಗಿದ್ದರೆ ಲೇಖನ ಬರೆಯಬೇಕಿರಲಿಲ್ಲ. ಇದು ಹವ್ಯಾಸದ ಧರ್ಮವೇ ಆಗಿದೆ. ಗುಂಪಿನಲ್ಲಿ ಯಾರೇ ಹಳೆಯ ಗಾಡಿ ತೋರಿಸಲಿ, ಮೊದಲ ಪ್ರಶ್ನೆ ‘ಒರಿಜಿನಲ್ಲಾ?’ ಊರಿನವರು ಮಾಡಿದ್ದೆಲ್ಲ ‘ಜುಗಾಡ್’, ‘ಲೋಕಲ್ ಕೆಲಸ’, ‘ಹಾಳು ಮಾಡಿದ್ದಾರೆ’. ಕಾನೂನು ಕೂಡ ಹೀಗೇ ಯೋಚಿಸುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ವಾಹನಗಳ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ, ದೊಡ್ಡ ಬದಲಾವಣೆಗೆ ಒಳಗಾಗದ ವಾಹನವೇ ವಿಂಟೇಜು. ಅದನ್ನು ನಿತ್ಯದ ಓಡಾಟಕ್ಕೂ ವ್ಯಾಪಾರಕ್ಕೂ ಬಳಸುವಂತಿಲ್ಲ. ಆ ನಿಯಮ ಕಾರು, ಬೈಕುಗಳಿಗೆ ಎಂದು ಬರೆದದ್ದು, ಒಪ್ಪುತ್ತೇನೆ. ಆದರೆ ಅದರ ಹಿಂದಿನ ಕಲ್ಪನೆಯನ್ನು ಗಮನಿಸಿ. ಯಾವುದು ಕಡಿಮೆ ದುಡಿಯಿತೋ, ಯಾವುದನ್ನು ಕಡಿಮೆ ಮುಟ್ಟಿದರೋ ಅದಕ್ಕೇ ಹೆಚ್ಚು ಬೆಲೆ. ಅರಮನೆಯ ಗ್ಯಾರೇಜಿನಲ್ಲಿ ಮುಚ್ಚಿಟ್ಟ ಕಾರು ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಕೆಸರುಗದ್ದೆಯಲ್ಲಿ ಮೂರು ಸಲ ಸ್ಲೀವ್ ಸವೆಸಿಕೊಂಡ ಟಿಲ್ಲರು ಎಂದಿಗೂ ಪಾಸಾಗುವುದಿಲ್ಲ. ಅಂದರೆ ದುಡಿಮೆಯೇ ಇಲ್ಲಿ ದೋಷ.

ಕಟ್ಟಡಗಳ ಸಂರಕ್ಷಣೆಯ ಲೋಕ ಈ ತಪ್ಪನ್ನು ಅರವತ್ತು ವರ್ಷಗಳ ಹಿಂದೆಯೇ ತಿದ್ದಿಕೊಂಡಿತು. 1964ರ ವೆನಿಸ್ ಚಾರ್ಟರ್ ಹೇಳಿದ್ದು ಇಷ್ಟೆ: ಒಂದು ಸ್ಮಾರಕಕ್ಕೆ ಎಲ್ಲ ಕಾಲದವರೂ ಸೇರಿಸಿದ ಅರ್ಥಪೂರ್ಣ ಕೆಲಸವನ್ನು ಗೌರವಿಸಬೇಕು, ಇಡೀ ಕಟ್ಟಡವನ್ನು ಒಂದೇ ಕಾಲದ ಶೈಲಿಗೆ ತರುವುದು ಗುರಿಯಲ್ಲ, ಊಹೆ ಎಲ್ಲಿ ಶುರುವಾಗುತ್ತದೋ ಅಲ್ಲಿ ಜೀರ್ಣೋದ್ಧಾರ ನಿಲ್ಲಬೇಕು, ಹೊಸದಾಗಿ ಸೇರಿಸಿದ್ದು ಹೊಸದೆಂದು ಗೊತ್ತಾಗುವಂತಿರಬೇಕು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರಲ್ಲಿ ಒಪ್ಪಿಕೊಂಡ ಟ್ಯೂರಿನ್ ಚಾರ್ಟರ್ ಕೂಡ ಹೊಸದರಂತೆ ಮಾಡುವುದಕ್ಕಿಂತ ಇದ್ದದ್ದನ್ನು ಉಳಿಸುವುದಕ್ಕೆ ಮೊದಲ ಮಣೆ ಹಾಕುತ್ತದೆ. ನಾವು ಮಾತ್ರ ಇನ್ನೂ ಗ್ರೈಂಡರು ಹಿಡಿದು ನಿಂತಿದ್ದೇವೆ.

ವಿದೇಶದ ಚಾರ್ಟರುಗಳನ್ನು ಬಿಡಿ, ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ನಮ್ಮಲ್ಲೇ ಪಾಠವಿದೆ. ಶೂನ್ಯಸಂಪಾದನೆ ಒಂದಲ್ಲ, ನಾಲ್ಕು. ಶಿವಗಣಪ್ರಸಾದಿ ಮಹಾದೇವಯ್ಯ ಮಾಡಿದ್ದನ್ನು ಹಲಗೆಯಾರ್ಯ ಮತ್ತೆ ಜೋಡಿಸಿದ, ಗುಮ್ಮಳಾಪುರದ ಸಿದ್ಧಲಿಂಗಯತಿ ಮತ್ತೆ ಕಟ್ಟಿದ, ಗೂಳೂರು ಸಿದ್ಧವೀರಣಾರ್ಯ ಇನ್ನೊಮ್ಮೆ ಬೆಳೆಸಿದ. ಗೂಳೂರಿನವನದು ‘ಡೂಪ್ಲಿಕೇಟ್’ ಎಂದು ಯಾವ ವಿದ್ವಾಂಸನೂ ಹೇಳಿಲ್ಲ. ಬದಲಿಗೆ ಹೆಚ್ಚು ಓದಿಸಿಕೊಂಡದ್ದೇ ಅದು. ಪ್ರತಿಯೊಬ್ಬನೂ ಏನು ಸೇರಿಸಿದ, ಏನು ಬಿಟ್ಟ, ಯಾಕೆ ಎಂಬುದೇ ನಮ್ಮ ಅಧ್ಯಯನ. ಹಸ್ತಪ್ರತಿಯ ಅಂಚಿನಲ್ಲಿ ಯಾರೋ ಅನಾಮಿಕ ಲಿಪಿಕಾರ ಗೀಚಿದ ಅರ್ಧ ಪದಕ್ಕೆ ನಾನು ಮೂರು ಪುಟ ಟಿಪ್ಪಣಿ ಬರೆದಿದ್ದೇನೆ. ಅದೇ ನಾನು ಅನಾಮಿಕ ವೆಲ್ಡರನ ಒಂದು ಗೇಣು ಪೈಪನ್ನು ಕಿಲೋ ಲೆಕ್ಕದಲ್ಲಿ ಮಾರಿದೆ. ಲಿಪಿಕಾರನಿಗೆ ಕೊಟ್ಟ ಗೌರವ ವೆಲ್ಡರನಿಗೆ ಯಾಕಿಲ್ಲ? ಉತ್ತರ ನನಗೆ ಗೊತ್ತು, ನಿಮಗೂ ಗೊತ್ತು. ಅಕ್ಷರ ಬಲ್ಲ ಕೈ ಮಾಡಿದ ಬದಲಾವಣೆ ಪಾಠಾಂತರ. ಗ್ರೀಸು ಮೆತ್ತಿದ ಕೈ ಮಾಡಿದ್ದು ಜುಗಾಡ್.

ಆ ಕೈಗಳು ಇಲ್ಲದಿದ್ದರೆ ನಮ್ಮ ಹವ್ಯಾಸವೇ ಇಲ್ಲ. ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಲಗ್ಗೆರೆ, ರಾಜಾಜಿನಗರದ ಕೈಗಾರಿಕಾ ಬಡಾವಣೆ, ಪೀಣ್ಯ. ಪಶ್ಚಿಮ ಬೆಂಗಳೂರಿನ ಈ ಬೀದಿಗಳಲ್ಲಿ ಹತ್ತು ಅಡಿ ಅಗಲದ ಶೆಡ್ಡಿನಲ್ಲಿ ಒಂದು ಹಳೆಯ ಲೇತು, ಒಬ್ಬ ಮಧ್ಯವಯಸ್ಕ. ಎಷ್ಟೋ ಲೇತುಗಳ ಮೇಲೆ ಎಚ್‌ಎಂಟಿ ಎಂಬ ಅಚ್ಚು ಇನ್ನೂ ಇದೆ. ಅಂಗಡಿಯಲ್ಲಿ ಸಿಗದ ಬುಷ್ಷು, ಶಾಫ್ಟು, ಗೇರನ್ನು ಸವೆದ ತುಂಡು ನೋಡಿಯೇ ಮಾಡಿಕೊಡುತ್ತಾರೆ. ‘ಏರ್ ಹಿಡ್ಕೊಂಡಿದೆ’, ‘ಹೊಗೆ ಕುಡೀತಿದೆ’, ‘ಟೈಮಿಂಗ್ ಕೂತಿಲ್ಲ’ ಎಂಬ ಅವರ ಕನ್ನಡ ಯಾವ ಪಾರಿಭಾಷಿಕ ಕೋಶಕ್ಕೂ ಕಡಿಮೆಯಲ್ಲ. ಶಬ್ದ ಕೇಳಿಯೇ ರೋಗ ಹೇಳುವ ಭಾಷೆ ಅದು. ಗಾಡಿ ಮೈದಾನದಲ್ಲಿ ಪ್ರದರ್ಶನಕ್ಕೆ ನಿಂತಾಗ ಮುಂದಿನ ಬೋರ್ಡಿನಲ್ಲಿ ಮಾಲೀಕನ ಹೆಸರು, ತಯಾರಾದ ವರ್ಷ, ಕಂಪನಿಯ ಹೆಸರು ಇರುತ್ತವೆ. ಲೇತಿನವನ ಹೆಸರು ಇರುವುದಿಲ್ಲ. ನಾನು ನಮ್ಮ ಶೆಡ್ಡಿನ ಯಜಮಾನರ ಹೆಸರು ಬರೆಯಲೇ ಎಂದು ಕೇಳಿದೆ. ‘ಬೇಡ ಮಾರಾಯ, ಜನ ಬಂದು ಫೋಟೋ ತೆಗೀತಾ ನಿಲ್ತಾರೆ, ಕೆಲಸ ಕೆಡುತ್ತೆ. ದುಡ್ಡು ಟೈಮಿಗೆ ಕೊಡೋಕೆ ಹೇಳು ನಿನ್ನ ಫ್ರೆಂಡ್ಸಿಗೆ’ ಎಂದರು. ಅದನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

ಇದಕ್ಕೆ ಬರುವ ಆಕ್ಷೇಪಣೆ ಸುಳ್ಳಲ್ಲ. ಎಲ್ಲ ರಿಪೇರಿಯೂ ಪವಿತ್ರವೇ? ಅಲ್ಲ. ಬೆಲ್ಟಿನ ಗಾರ್ಡು ಕಿತ್ತೆಸೆದ ಟಿಲ್ಲರುಗಳನ್ನು ನೋಡಿದ್ದೇನೆ. ಪಂಚೆ, ಸೀರೆಯ ಸೆರಗು ಸಿಕ್ಕಿಕೊಂಡರೆ ಏನಾಗುತ್ತದೆಂದು ಹೇಳಬೇಕಿಲ್ಲ. ಗಾರ್ಡು ಮತ್ತೆ ಬರಲೇಬೇಕು. ಬಿರುಕು ಬಿಟ್ಟ ವೆಲ್ಡಿಂಗನ್ನು ಭಕ್ತಿಯಿಂದ ಉಳಿಸಿಕೊಂಡು ಗದ್ದೆಗೆ ಇಳಿಯುವುದು ಮೂರ್ಖತನ. ಕಾರ್ಖಾನೆಯಿಂದ ಬಂದಾಗ ಯಂತ್ರ ಹೇಗಿತ್ತು ಎಂದು ತಿಳಿಯುವ ಆಸೆಯೂ ತಪ್ಪಲ್ಲ. ಮೂಲ ಗೊತ್ತಿಲ್ಲದೆ ಬದಲಾವಣೆ ಗೊತ್ತಾಗುವುದು ಹೇಗೆ? ಆದರೆ ಒಳ್ಳೆಯ ಸಂಪಾದಕ ಒಂದು ಪಾಠವನ್ನು ಕೈಬಿಟ್ಟರೂ ಅದನ್ನು ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ, ಅದು ಯಾವ ಪ್ರತಿಯಲ್ಲಿತ್ತು ಎಂದು ಬರೆಯುತ್ತಾನೆ. ಕೈಬಿಡುವುದು ಅಪರಾಧವಲ್ಲ, ಸುಳಿವೇ ಇಲ್ಲದಂತೆ ಅಳಿಸುವುದು ಅಪರಾಧ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಪ್ರತಿ ಹಳೆಯ ಯಂತ್ರಕ್ಕೂ ಒಂದು ನೂರು ಪುಟದ ನೋಟ್‌ಬುಕ್ ಇಡಿ. ಬಿಚ್ಚುವ ಮೊದಲು, ಉಜ್ಜುವ ಮೊದಲು, ಓಡಿಸಿದವರನ್ನು ಕೇಳಿ: ಇದನ್ನು ಯಾಕೆ ಹೀಗೆ ಮಾಡಿದರು, ಯಾರು ಮಾಡಿದರು? ತೆಗೆದದ್ದನ್ನು ಚೀಲದಲ್ಲಿ ಹಾಕಿ ಚೀಟಿ ಅಂಟಿಸಿ, ಗುಜರಿಗೆ ಹಾಕಬೇಡಿ. ಹೊಸದಾಗಿ ಮಾಡಿಸಿದ ಭಾಗದ ಮೇಲೆ ವರ್ಷ ಕೊರೆಸಿ. ವರ್ಷಕ್ಕೊಮ್ಮೆಯಾದರೂ ಅದನ್ನು ಮಣ್ಣಿಗೆ ಇಳಿಸಿ. ಓಡದ ಇಂಜಿನ್ನಿನಲ್ಲಿ ಸೀಲು ಒಣಗುತ್ತದೆ, ರಿಂಗು ಕಚ್ಚಿಕೊಳ್ಳುತ್ತದೆ, ಟ್ಯಾಂಕು ತುಕ್ಕು ಹಿಡಿಯುತ್ತದೆ. ಕಟ್ಟೆಯ ಮೇಲೆ ನಿಲ್ಲಿಸುವುದು ಯಂತ್ರದ ದೃಷ್ಟಿಯಿಂದಲೂ ಕೊಲೆಯೇ.

ನಮ್ಮ ಟಿಲ್ಲರು ಈಗ ಊರಿನಲ್ಲಿದೆ. ಕಳೆದ ಮುಂಗಾರಿನಲ್ಲಿ ರಾಗಿ ಹೊಲಕ್ಕೆ ಇಳಿಯಿತು. ಎಡ ಕ್ಲಚ್ಚಿಗೆ ಹೊಸ ಪೈಪು ಬೆಸೆಸಿದ್ದೇನೆ. ಅಳತೆ ಅಪ್ಪನ ಕೈಯದು, ಅಜ್ಜನದು ಇನ್ನು ಸಿಗುವುದಿಲ್ಲ. ಅಪ್ಪನಿಗೆ ಭುಜದ ತೊಂದರೆಯೇನಿಲ್ಲ, ಅಭ್ಯಾಸ ಅಷ್ಟೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹೀಗೆ ಬರೆದಿದ್ದೇನೆ: ಎಡ ಲಿವರು, ಸೈಕಲ್ ಪೈಪು, ಒಂದು ಗೇಣು. ಮಾಡಿದವರು: ಊರಿನ ವೆಲ್ಡಿಂಗಿನವರು, ಹೆಸರು ವಿಚಾರಿಸಬೇಕು. ತೆಗೆದವನು: ನಾನು. ಕಾರಣ: ಫೋಟೋದಲ್ಲಿ ಇರಲಿಲ್ಲ.