ಸುರಂಗಕ್ಕಿಂತ ಮೊದಲು ಬರುವ ರಸ್ತೆ

ರೈಲು ಮಾರ್ಗವನ್ನು ಬೆಟ್ಟದ ಮೇಲೆ ಹಾಯಿಸುವ ಬದಲು ಬೆಟ್ಟದೊಳಗೆ ಹಾಯಿಸಿದರೆ ಕಾಡು ಉಳಿಯುತ್ತದೆ ಎಂಬ ವಾದ ಈಗ ಎಲ್ಲೆಡೆ ಕೇಳಿಬರುತ್ತಿದೆ. ಈ ವಾದದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಸುರಂಗ ಕೊರೆಯುವ ಯಂತ್ರ ಆಕಾಶದಿಂದ ಇಳಿದು ಬರುವುದಿಲ್ಲ. ಬಸ್ಸು, ಲಾರಿಗಳಿಗೆಂದು ನಿರ್ಮಿಸಿದ ಘಟ್ಟದ ರಸ್ತೆಯ ಮೇಲೆಯೇ ಅದು ಏರಿ ಬರಬೇಕು. ಅದಕ್ಕೆ ದಾರಿ ಬಿಡಲು ಗುಡ್ಡ ತೆರುವ ಬೆಲೆಯನ್ನು ಯಾರ ಲೆಕ್ಕದಲ್ಲಿ ಬರೆಯಲಾಗುತ್ತಿದೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುತ್ತಿಲ್ಲ.

ಉತ್ತರಾಖಂಡದ ಋಷಿಕೇಶ–ಕರ್ಣಪ್ರಯಾಗ ರೈಲು ಮಾರ್ಗವನ್ನೇ ನೋಡಬಹುದು. 125 ಕಿ.ಮೀ. ಉದ್ದದ ಈ ಮಾರ್ಗದಲ್ಲಿ 100 ಕಿ.ಮೀ.ಗೂ ಹೆಚ್ಚು ಭಾಗ ಸುರಂಗದಲ್ಲಿದೆ. ದೇವಪ್ರಯಾಗ ಮತ್ತು ಜನಾಸು ನಡುವಿನ ಎಂಟನೆಯ ಸುರಂಗವೊಂದೇ 14 ಕಿ.ಮೀ.ಗಿಂತ ಉದ್ದವಾಗಿದೆ. ಇತರ ಸುರಂಗಗಳನ್ನು ಸಿಡಿಮದ್ದಿನಿಂದ ಒಡೆದು ಮಾಡಿದರೆ, ಇದರ ಬಹುಭಾಗವನ್ನು ಜರ್ಮನಿಯಲ್ಲಿ ತಯಾರಾದ, 9.11 ಮೀಟರ್ ವ್ಯಾಸದ ಕೊರೆಯುವ ಯಂತ್ರಗಳಿಂದ ತೋಡಲಾಯಿತು. 'ಶಕ್ತಿ' ಎಂದು ಹೆಸರಿಟ್ಟ ಯಂತ್ರವು 2025ರ ಏಪ್ರಿಲ್ 16ರಂದು ಬೆಟ್ಟದ ಆಚೆ ಬದಿಗೆ ತಲೆ ಹೊರಹಾಕಿತು. ಹಿಮಾಲಯದ ರೈಲು ಸುರಂಗಕ್ಕೆ ಇಂತಹ ಯಂತ್ರ ಬಳಕೆಯಾದದ್ದು ಅದೇ ಮೊದಲು. ಆ ದಿನದ ಸಂಭ್ರಮದಲ್ಲಿ ಎಲ್ಲರೂ ಸುರಂಗದ ಉದ್ದವನ್ನು ಕೊಂಡಾಡಿದರು. ಗುಜರಾತಿನ ಮುಂದ್ರಾ ಬಂದರಿನಿಂದ ಹಿಮಾಲಯದ ಕಿರಿದಾದ ರಸ್ತೆ, ಸೇತುವೆಗಳನ್ನು ದಾಟಿಸಿ ಯಂತ್ರವನ್ನು ತಂದ ಸಂಗತಿ ಸಾಹಸಗಾಥೆಯ ಒಂದು ಸಾಲಾಗಿ ಮುಗಿದುಹೋಯಿತು.

ಆ ಒಂದು ಸಾಲಿನೊಳಗೆ ಏನೇನು ಅಡಗಿದೆ? ಯಂತ್ರವನ್ನು ಬಿಡಿಬಿಡಿಯಾಗಿ ಕಳಚಿಯೇ ಸಾಗಿಸುತ್ತಾರೆ, ನಿಜ. ಕೊರೆಯುವ ಚಕ್ರವನ್ನು ತುಂಡುಗಳಾಗಿ ತಂದು ಸ್ಥಳದಲ್ಲಿ ಬೆಸೆಯಬಹುದು. ಆದರೆ ಅದನ್ನು ತಿರುಗಿಸುವ ಮುಖ್ಯ ಬೇರಿಂಗ್ ಮತ್ತು ಚಾಲಕ ಭಾಗವನ್ನು ಸಾಮಾನ್ಯವಾಗಿ ಇಡಿಯಾಗಿಯೇ ಒಯ್ಯಬೇಕಾಗುತ್ತದೆ. 2018ರ ಪರಿಷ್ಕರಣೆಯ ಬಳಿಕವೂ ಸಾಮಾನ್ಯ ಸರಕು ವಾಹನದ ಒಟ್ಟು ಭಾರದ ಮಿತಿ 55 ಟನ್. ಅಗಲದ ಮಿತಿ 2.6 ಮೀಟರ್. ನೂರು ಟನ್ ಮೀರಿದ ಹೊರೆಗೆ ವಿಶೇಷ ಪರವಾನಗಿಯೂ ಸಾಲುಸಾಲು ಅಚ್ಚುಗಳುಳ್ಳ ಟ್ರೇಲರೂ ಬೇಕು. ಭಾರವನ್ನು ಹಲವು ಅಚ್ಚುಗಳಿಗೆ ಹಂಚುವುದರಿಂದ ಡಾಂಬರು ತಾಳಿಕೊಳ್ಳಬಹುದು. ಆದರೆ ಘಟ್ಟದ ತಿರುವು ತಾಳಿಕೊಳ್ಳುವುದಿಲ್ಲ. ಉದ್ದನೆಯ ಟ್ರೇಲರ್ ತಿರುಗಬೇಕಾದರೆ ಒಳಬದಿಯ ಗುಡ್ಡದ ಬುಡ ಕಡಿಯಬೇಕು, ಇಲ್ಲವೇ ಹೊರಬದಿಯ ಕಣಿವೆಗೆ ಮಣ್ಣು ತುಂಬಿ ಅಗಲ ಮಾಡಬೇಕು.

ಬುಡ ಕಡಿದಲ್ಲಿ ಎತ್ತರದ ಧರೆ ನಿಲ್ಲುತ್ತದೆ. ಚರಂಡಿ ಮುಚ್ಚಿದರೆ ಮಳೆನೀರು ಹೊಸ ದಾರಿ ಹುಡುಕುತ್ತದೆ. ತುಂಬಿದ ಮಣ್ಣು ಮೊದಲ ಮಳೆಗೇ ಜಾರಿ ಕೆಳಗಿನ ಗದ್ದೆಗೋ ತೋಟದ ಅಗಳಕ್ಕೋ ಇಳಿಯುತ್ತದೆ. ಧರೆ ಕಡಿದ ವರ್ಷ ಏನೂ ಆಗದೆ, ನಾಲ್ಕನೆಯ ಮಳೆಗಾಲದಲ್ಲಿ ಅದು ಕುಸಿದು ಬೀಳುವುದನ್ನು ಗುಡ್ಡದ ಕೆಳಗೆ ಬದುಕುವವರು ಬಲ್ಲರು. ಯಂತ್ರ ಒಂದು ರಾತ್ರಿಯಲ್ಲಿ ದಾಟಿಹೋಗುತ್ತದೆ. ಕಡಿದ ಧರೆ ಊರಿನ ಪಾಲಿಗೆ ಉಳಿಯುತ್ತದೆ.

ರಸ್ತೆಯ ಪ್ರಮಾಣ ಎಷ್ಟಿರಬಹುದು ಎಂಬುದಕ್ಕೆ ಕಾಶ್ಮೀರದ ಉಧಂಪುರ–ಶ್ರೀನಗರ–ಬಾರಾಮುಲ್ಲಾ ಮಾರ್ಗ ಸಾಕ್ಷಿ. 2025ರ ಜೂನ್‌ನಲ್ಲಿ ಪೂರ್ಣಗೊಂಡ 272 ಕಿ.ಮೀ. ಉದ್ದದ ಆ ಹಳಿಗಾಗಿ, ಕಾಮಗಾರಿಯ ಸ್ಥಳಗಳನ್ನು ತಲುಪಲೆಂದೇ 200 ಕಿ.ಮೀ.ಗೂ ಹೆಚ್ಚು ರಸ್ತೆಗಳನ್ನು ಮೊದಲು ಕಡಿಯಬೇಕಾಯಿತು. ಆ ರಸ್ತೆಗಳಿಂದ ಎಷ್ಟೋ ದುರ್ಗಮ ಹಳ್ಳಿಗಳಿಗೆ ಸಂಪರ್ಕ ದೊರೆತದ್ದೂ ಅಷ್ಟೇ ನಿಜ. ಅದನ್ನು ಮರೆಮಾಚುವುದು ನ್ಯಾಯವಲ್ಲ. ಯಂತ್ರದ ಮೇಲೂ ಯಾರಿಗೂ ಹಗೆಯಿರಬೇಕಿಲ್ಲ. ಸಿಡಿಮದ್ದು ಬಳಸಿದ ಕಡೆಗಳಲ್ಲಿ ಮನೆಗಳ ಗೋಡೆ ಬಿರಿದು, ಒರತೆಗಳು ಬತ್ತಿದವೆಂದು ಉತ್ತರಾಖಂಡದ ಹಳ್ಳಿಗರು ದೂರಿದ್ದಾರೆ. ಕೊರೆಯುವ ಯಂತ್ರದಿಂದ ಭೂಮಿಗೆ ಅಷ್ಟು ಅದುರು ಇಲ್ಲ. ಆಕ್ಷೇಪವಿರುವುದು ಯಂತ್ರದ ಬಗ್ಗೆ ಅಲ್ಲ, ಅದರ ದಾರಿಯನ್ನು ಲೆಕ್ಕದಿಂದ ಹೊರಗಿಡುವ ಪದ್ಧತಿಯ ಬಗ್ಗೆ.

ಈ ಪದ್ಧತಿಗೆ ಕಾನೂನಿನ ಆಸರೆಯೂ ಇದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ರೈಲು ಮಾರ್ಗವೇ ಇಲ್ಲ. ಹೆದ್ದಾರಿ ವಿಸ್ತರಣೆಯನ್ನು 2013ರ ತಿದ್ದುಪಡಿಯು 100 ಕಿ.ಮೀ. ಮೀರಿದರೆ ಮಾತ್ರ, ಅದೂ ಹೆಚ್ಚುವರಿ ಅಗಲದ ಷರತ್ತಿನೊಂದಿಗೆ, ಪಟ್ಟಿಗೆ ತರುತ್ತದೆ. ಇದೇ ಉತ್ತರಾಖಂಡದಲ್ಲಿ 2016ರಲ್ಲಿ ಆರಂಭವಾದ ಸುಮಾರು 889 ಕಿ.ಮೀ.ಗಳ ಚಾರ್‌ಧಾಮ್ ಹೆದ್ದಾರಿ ಯೋಜನೆಯನ್ನು 53 ತುಂಡುಗಳನ್ನಾಗಿ ಮಾಡಲಾಯಿತು. ಇಡಿಯ ಯೋಜನೆಯ ಪರಿಣಾಮದ ಅಧ್ಯಯನ ಮೊದಲು ನಡೆಯಲೇ ಇಲ್ಲ. ಹೀಗೆ ಹಳಿ ಒಂದು ಕಡತದಲ್ಲಿ, ರಸ್ತೆ ಇನ್ನೊಂದರಲ್ಲಿ, ಸೇತುವೆಯ ಬಲವರ್ಧನೆ 'ದುರಸ್ತಿ'ಯ ಹೆಸರಿನಲ್ಲಿ ಮತ್ತೊಂದರಲ್ಲಿ ಕುಳಿತರೆ, ಅವೆಲ್ಲವನ್ನೂ ಒಟ್ಟಿಗೆ ಹೊರುವುದು ಬೆಟ್ಟ ಮಾತ್ರ.

ಸಹ್ಯಾದ್ರಿಯ ಜನರಿಗೆ ಇದು ದೂರದ ಮಾತಲ್ಲ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗಕ್ಕೆ 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ನೀಡಿದಾಗ, ಅದೇ ವರ್ಷ ಉಚ್ಚ ನ್ಯಾಯಾಲಯ ತಡೆ ನೀಡಿತ್ತು. ಆಗಿನ ಚರ್ಚೆಯೆಲ್ಲ ಹಳಿಗೆ ಬೇಕಾದ ಸುಮಾರು 595 ಹೆಕ್ಟೇರ್ ಅರಣ್ಯದ ಸುತ್ತಲೇ ನಡೆಯಿತು. ಇಂತಹ ಯೋಜನೆಯ ಯಂತ್ರಗಳು ಅರಬೈಲು ಘಟ್ಟದಂತಹ ರಸ್ತೆಯಲ್ಲಿ ಹೇಗೆ ಸಾಗಬೇಕು, ಯಾವ ತಿರುವು ಅಗಲವಾಗಬೇಕು ಎಂಬುದನ್ನೂ ಅದೇ ಚರ್ಚೆಯಲ್ಲಿ ಕೇಳಬೇಕು. ಹೆದ್ದಾರಿಗಾಗಿ ಬುಡ ಕಡಿದ ಗುಡ್ಡ ಏನು ಮಾಡಬಲ್ಲದು ಎಂಬುದನ್ನು 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರು ತೋರಿಸಿಕೊಟ್ಟಿದೆ. ಅಲ್ಲಿ ಜೀವ ಕಳೆದುಕೊಂಡವರು ಯಾವ ಯೋಜನಾ ವರದಿಯ ಅಂಕಿಯಲ್ಲೂ ಇರಲಿಲ್ಲ.

ಆದ್ದರಿಂದ ಸುರಂಗದ ಪ್ರಸ್ತಾವದೊಂದಿಗೇ ಸಾಗಣೆಯ ದಾರಿಯ ವರದಿಯೂ ಗ್ರಾಮಸಭೆಯ ಮುಂದೆ ಬರಬೇಕು. ಬಂದರಿನಿಂದ ಸುರಂಗದ ಬಾಯಿಯವರೆಗೆ ಬದಲಾಗುವ ಪ್ರತಿಯೊಂದು ಸೇತುವೆ, ಮೋರಿ, ತಿರುವಿನ ಪಟ್ಟಿ ಕನ್ನಡದಲ್ಲಿ ಸಿಗಬೇಕು. ಮಳೆಗಾಲದಲ್ಲಿ ಸಾಗಣೆ ಕೂಡದು. ಕಡಿದ ಧರೆಗೆ ತಡೆಗೋಡೆ, ಚರಂಡಿ, ಸಸಿ ಇವೆಲ್ಲವೂ ಯಂತ್ರದ ವೆಚ್ಚದಲ್ಲೇ ಸೇರಬೇಕು. ಹಲವು ಮಳೆಗಾಲಗಳವರೆಗೆ ಅದರ ಹೊಣೆ ಗುತ್ತಿಗೆದಾರನ ಮೇಲಿರಬೇಕು.

ವಿದ್ಯಾರ್ಥಿಗಳು ಈ ಬೇಸಿಗೆಯಲ್ಲೇ ತಮ್ಮ ಊರಿನ ಘಟ್ಟರಸ್ತೆಯನ್ನು ನಡೆದು, ಮೋರಿಗಳನ್ನು ಎಣಿಸಿ, ಒರತೆಗಳನ್ನು ಗುರುತಿಸಿ, ಧರೆಗಳ ಎತ್ತರವನ್ನು ಬರೆದಿಡಲಿ. ಇಂದು ಏನಿದೆ ಎಂಬ ದಾಖಲೆ ಊರಿನ ಕೈಯಲ್ಲಿದ್ದರೆ, ನಾಳೆ ಏನು ಹೋಯಿತು ಎಂಬುದನ್ನು ಯಾರೂ ಅಲ್ಲಗಳೆಯಲಾರರು.